ರಟ್ಟಿನ ಬಾಕ್ಸ್‌ನಲ್ಲಿ ಚಾಕೊಲೇಟ್ ರಾಯಚೂರಿನವರೆಗೆ ಉಳಿಯುತ್ತಾ?

ಮಡಿಕೇರಿಯಿಂದ ಕೇಳಿದ್ದು:
ರಾಯಚೂರಿನಲ್ಲಿರುವ ತಂಗಿಯ ಮಗುವಿಗೆ ಏಪ್ರಿಲ್ ಮೂರನೇ ವಾರ ನಾಮಕರಣ. ಇಲ್ಲಿಂದ ಮೂರು ಕಿಲೋ ಹೋಮ್‌ಮೇಡ್ ಚಾಕೊಲೇಟ್ ಬಸ್ ಪಾರ್ಸೆಲ್ ಮಾಡಬೇಕು. ಅಂಗಡಿಯವರು "ದಪ್ಪ ರಟ್ಟಿನ ಬಾಕ್ಸ್‌ಗೆ ಹಾಕಿ ಕೊಡ್ತೀವಿ, ಬಿಸಿ ಒಳಗೆ ಹೋಗಲ್ಲ" ಅಂದರು. ನಿಜವಾ? ಬೆಂಗಳೂರಿನಲ್ಲಿ ಬಸ್ ಬದಲಾಗುತ್ತೆ, ತಲುಪೋಕೆ ಪೂರ್ತಿ ಒಂದು ದಿನ ಬೇಕು. ಕಳಿಸಿ ಗೊತ್ತಿರುವವರು ಹೇಳಿ.

ವಿರಾಜಪೇಟೆಯಿಂದ:
ಅಕ್ಕಾ, ಚಾಕೊಲೇಟ್ ಕಳಿಸಿಲ್ಲ, ಆದರೆ ಬೆಂಗಳೂರಿನಲ್ಲಿರುವ ಮಗನಿಗೆ ಪಂದಿ ಕರಿ ಬರೀ ರಟ್ಟಿನ ಬಾಕ್ಸ್‌ನಲ್ಲೇ ಕಳಿಸ್ತೀನಿ. ಎರಡು ದಿನ ಫ್ರೀಜರ್‌ನಲ್ಲಿಟ್ಟು ಕಲ್ಲಿನ ಹಾಗೆ ಗಟ್ಟಿಯಾದ ಮೇಲೆ, ಹಳೇ ಪೇಪರ್‌ನಲ್ಲಿ ದಪ್ಪವಾಗಿ ಸುತ್ತಿ, ಬಾಕ್ಸ್‌ನಲ್ಲಿ ಎಲ್ಲೂ ಖಾಲಿ ಜಾಗ ಬಿಡದೆ ತುಂಬಿ ರಾತ್ರಿ ಬಸ್‌ಗೆ ಹಾಕಿದರೆ ಬೆಳಗ್ಗೆ ಅವನ ಕೈ ಸೇರುವಾಗ ಒಳಗೆ ಇನ್ನೂ ಐಸ್ ಇರುತ್ತೆ. ಆದರೆ ಅದು ಏಳು ಗಂಟೆ ದಾರಿ, ಅದೂ ರಾತ್ರಿ. ರಾಯಚೂರಿಗೆ ನಾನಂತೂ ಧೈರ್ಯ ಮಾಡಲ್ಲ.

ಕುಶಾಲನಗರದಿಂದ:
ಅಂಗಡಿಯವರು ಹೇಳಿದ್ದು ಅರ್ಧ ನಿಜ. ರಟ್ಟನ್ನು ಸೀಳಿ ನೋಡಿ, ಮಧ್ಯೆ ಅಲೆ ಅಲೆಯಾಗಿ ಒಂದು ಪದರ ಇರುತ್ತೆ. ಬಿಸಿ ತಡೆಯೋದು ಕಾಗದಕ್ಕಿಂತ ಹೆಚ್ಚಾಗಿ ಆ ಅಲೆಗಳ ಸಂದಿಯಲ್ಲಿ ಅಲ್ಲಾಡದೆ ನಿಂತ ಗಾಳಿ. ಅಷ್ಟೇ ದಪ್ಪದ ಥರ್ಮಾಕೋಲ್ ಜೊತೆ ಹೋಲಿಸಿದರೆ ರಟ್ಟು ಅಷ್ಟೇನೂ ಕಳಪೆ ಅಲ್ಲ, ಥರ್ಮಾಕೋಲ್ ಒಂದೂವರೆ ಪಟ್ಟು ಜಾಸ್ತಿ ತಡೆಯುತ್ತೆ ಅಷ್ಟೆ. ತೊಂದರೆ ಇರೋದು ದಪ್ಪದಲ್ಲಿ. ಮೂರು ಪ್ಲೈ ಬಾಕ್ಸ್ ಅಂದರೆ 3-4 ಮಿಲಿಮೀಟರ್, ಥರ್ಮಾಕೋಲ್ ಪೆಟ್ಟಿಗೆಯ ಗೋಡೆ 25 ಮಿಲಿಮೀಟರ್. ಆ ಒಂದೂವರೆ ಪಟ್ಟಿನ ಜೊತೆ ಈ ದಪ್ಪವೂ ಸೇರಿದರೆ ಸುಮಾರು ಹತ್ತು ಪಟ್ಟು ವ್ಯತ್ಯಾಸ.

ಹೋದ ವರ್ಷ ಸುಮ್ನೆ ಕುತೂಹಲಕ್ಕೆ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನೊಳಗೆ ಕಾಲು ಕಾಲು ಕಿಲೋ ಚಾಕೊಲೇಟ್ ಇಟ್ಟು ನೋಡಿದ್ದೆ, ಒಂದು ಹಾಗೇ, ಒಂದು ರಟ್ಟಿನ ಬಾಕ್ಸ್‌ನಲ್ಲಿ, ಇನ್ನೊಂದು ಥರ್ಮಾಕೋಲ್‌ನಲ್ಲಿ. ಹಾಗೇ ಇಟ್ಟಿದ್ದು ಇಪ್ಪತ್ತು ನಿಮಿಷಕ್ಕೇ ಮೆತ್ತಗಾಯಿತು, ರಟ್ಟಿನದು ಒಂದು ಗಂಟೆಯೂ ತಡೆಯಲಿಲ್ಲ, ಥರ್ಮಾಕೋಲ್‌ನದು ಸಂಜೆ ತೆಗೆದಾಗಲೂ ಮುರಿದರೆ ಟಕ್ ಅಂತಿತ್ತು. ಹೆಂಡತಿ ಬೈದಳು, ಅದು ಬೇರೆ ವಿಷಯ.

ಯಾವ ಬಾಕ್ಸೂ ತಂಪು ಮಾಡಲ್ಲ, ಬಿಸಿ ಒಳಗೆ ಬರೋದನ್ನ ತಡ ಮಾಡುತ್ತೆ. ಕೋಕೋ ಬೆಣ್ಣೆ 34 ಡಿಗ್ರಿ ಹತ್ತಿರ ಕರಗುತ್ತೆ, ರಾಯಚೂರಿನ ಏಪ್ರಿಲ್ 40 ಡಿಗ್ರಿ. ಹಾಗಾಗಿ ಒಳಗೆ ಐಸ್ ಬೇಕೇ ಬೇಕು. ಒಂದು ಕಿಲೋ ಐಸ್ ಕರಗುವಾಗ 334 ಕಿಲೋಜೂಲ್ ಶಾಖ ನುಂಗುತ್ತೆ. ಆದರೆ ಬರೀ ರಟ್ಟಿನೊಳಗೆ ಇಟ್ಟರೆ ಅದು ಬೆಂಗಳೂರು ದಾಟೋ ಮೊದಲೇ ನೀರು, ಮೇಲಿಂದ ರಟ್ಟೂ ಒದ್ದೆ. ಒದ್ದೆ ರಟ್ಟು ಬಿಸಿಯನ್ನೂ ತಡೆಯಲ್ಲ, ಭಾರವನ್ನೂ ತಡೆಯಲ್ಲ, ಮಳೆಗಾಲದಲ್ಲಿ ಪಾರ್ಸೆಲ್ ಮಾಡಿದ ನಮ್ಮೂರಿನವರಿಗೆ ಇದನ್ನ ಹೇಳಬೇಕಾ?

ಸೋಮವಾರಪೇಟೆಯಿಂದ:
ನನ್ನದು ಉಲ್ಟಾ ಅನುಭವ. ಬೆಣ್ಣೆಹಣ್ಣನ್ನು ತೂತಿಲ್ಲದ ಬಾಕ್ಸ್‌ಗೆ ತುಂಬಿ ಟೇಪ್ ಸುತ್ತಿ ಕಳಿಸಿದೆ. ಹಣ್ಣು ಉಸಿರಾಡುವಾಗ ತಾನೇ ಬಿಸಿ ಬಿಡುತ್ತಲ್ವಾ, ಅದು ಹೊರಗೆ ಹೋಗಲಾಗದೆ ಎರಡೇ ದಿನಕ್ಕೆ ಅರ್ಧ ಕಪ್ಪು. ಹಣ್ಣಿಗೆ ತೂತು ಬೇಕು, ಚಾಕೊಲೇಟ್‌ಗೆ ಒಂದು ಸಂದಿಯೂ ಇರಬಾರದು.

ಪೊನ್ನಂಪೇಟೆಯಿಂದ:
ಹಿಂದೆ ಇಂಜಿನ್ ಇರುವ ಬಸ್ ಆದರೆ ಇಂಜಿನ್ ಪಕ್ಕದ ಡಿಕ್ಕಿಯಲ್ಲಿ ಇಡಬೇಡಿ ಅಂತ ಕಂಡಕ್ಟರ್‌ಗೆ ಬಾಯಿಬಿಟ್ಟು ಹೇಳಿ. ಬಸ್ ಸ್ಟ್ಯಾಂಡ್‌ನಲ್ಲಿ ಬಿಸಿಲಿಗೆ ಬಿದ್ದಿರುತ್ತಲ್ಲ, ಅದು ಇನ್ನೂ ಕೆಟ್ಟದ್ದು. ರಟ್ಟಿನ ಕಂದು ಬಣ್ಣ ಬಿಸಿಲನ್ನು ಚೆನ್ನಾಗಿ ಹೀರುತ್ತೆ. ಹೊಳೆಯುವ ಫಾಯಿಲ್ ಹೊರಗಡೆ ಸುತ್ತಿ.

ಮಡಿಕೇರಿಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಥರ್ಮಾಕೋಲ್ ಪೆಟ್ಟಿಗೆ, ಅದರ ಹೊರಗೆ ರಟ್ಟು, ಒಳಗೆ ಐಸ್ ಬದಲು ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿದ ಮೂರು ಕಿಲೋ ಜೆಲ್ ಪ್ಯಾಕ್. ಸರಿನಾ? ಪೆಟ್ಟಿಗೆಗೆ ಮೀನಿನ ಅಂಗಡಿಯಲ್ಲಿ ಕೇಳಲಾ?

ಕುಶಾಲನಗರದಿಂದ:
ಅಯ್ಯೋ, ಮೀನಿನ ಅಂಗಡಿದು ಬೇಡ ಅಕ್ಕಾ, ಚಾಕೊಲೇಟ್ ವಾಸನೆ ಬೇಗ ಹಿಡಿಯುತ್ತೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ, ಇನ್ಸುಲಿನ್, ಲಸಿಕೆ ಬರೋ ಪೆಟ್ಟಿಗೆ ಇರುತ್ತೆ. ಜೆಲ್ ಪ್ಯಾಕ್ ನೇರ ತಾಗಿಸಬೇಡಿ, ಮಧ್ಯೆ ಪೇಪರ್ ಇಡಿ, ಚಾಕೊಲೇಟನ್ನು ಗಾಳಿ ಹೋಗದ ಹಾಗೆ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ. ತಲುಪಿದ ಕೂಡಲೇ ಕವರ್ ಬಿಚ್ಚಬೇಡ ಅಂತ ತಂಗಿಗೆ ಹೇಳಿ, ಇಲ್ಲಾಂದ್ರೆ ಬೆವರುತ್ತೆ. ಮೇಲೆ ಬೆಳ್ಳಗೆ ಪುಡಿ ಥರ ಕಂಡರೆ ಬೂಸ್ಟು ಅಂತ ಎಸೆಯಬೇಡಿ, ಕರಗಿ ಗಟ್ಟಿಯಾದ ಕೋಕೋ ಬೆಣ್ಣೆ ಅದು, ತಿನ್ನಬಹುದು.