ಸಹಾಯ ಬೇಕು: ಹೊಲಿಗೆ ಲೈನಿನಲ್ಲಿ ಯಾರಿಗೆ ಯಾವ ಕೆಲಸ?

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಶರ್ಟ್ ಲೈನ್ ನೋಡಿಕೊಳ್ಳುತ್ತೇನೆ. 18 ಆಪರೇಷನ್ (ಹೊಲಿಗೆಯ ಬೇರೆ ಬೇರೆ ಕೆಲಸ), 22 ಟೈಲರ್‌ಗಳು. ಯಾರು ಯಾವ ಕೆಲಸಕ್ಕೆ ಎಷ್ಟು ಸೆಕೆಂಡ್ ತಗೊಳ್ಳುತ್ತಾರೆ ಅಂತ ಸ್ಟಾಪ್‌ವಾಚ್ ಹಿಡಿದು ಬರೆದಿಟ್ಟಿದ್ದೇನೆ. ಕಾಲರ್ ಕೂರಿಸಲು ಒಬ್ಬರಿಗೆ 38 ಸೆಕೆಂಡ್, ಪಕ್ಕದವರಿಗೆ 61!

ಮೊದಲು ಹಂಗೇರಿಯನ್ ವಿಧಾನ ಹಾಕಿ ನೋಡಿದೆ, ಅಂದರೆ ಒಟ್ಟು ಸಮಯ ಅತಿ ಕಡಿಮೆ ಆಗುವಂತೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚುವ ಲೆಕ್ಕ, ಅದೇ 1955ರಲ್ಲಿ ಹೆರಾಲ್ಡ್ ಕೂನ್ ಪ್ರಕಟಿಸಿದ್ದು. ಒಟ್ಟು ಸೆಕೆಂಡ್ ಇಳಿಯಿತು, ಆದರೆ ದಿನದ ಪೀಸ್ ಮಾತ್ರ ಅಷ್ಟೇ, ಕಫ್ ಮೆಷಿನ್ ಹತ್ತಿರ ಬಂಡಲ್‌ಗಳು ರಾಶಿ ಬಿದ್ದಿದ್ದವು. ಲೈನ್ ಓಡುವುದು ಎಲ್ಲಕ್ಕಿಂತ ನಿಧಾನದ ಕೆಲಸದ ವೇಗದಲ್ಲಿ, ಅಲ್ವಾ? ಸುಮ್ನೆ ಮೊತ್ತ ಇಳಿಸಿ ಏನು ಬಂತು! ಈಗ ಯಾವ ಕೆಲಸವೂ 'ಟಿ' ಸೆಕೆಂಡ್ ದಾಟಬಾರದು ಅಂತ ಷರತ್ತು ಹಾಕಿ, ಆ ಟಿ ಅನ್ನೇ ಆದಷ್ಟು ಇಳಿಸಬೇಕು ಅಂದುಕೊಂಡಿದ್ದೇನೆ.

ಸಿಕ್ಕಿಬಿದ್ದಿರುವುದು ಇಲ್ಲಿ. ಮಿಕ್ಕ 4 ಜನರನ್ನು ನಿಧಾನದ ಕೆಲಸಗಳಿಗೆ ಎರಡನೆಯವರಾಗಿ ಕೂರಿಸಬೇಕು. ಆಗ ಸೆಕೆಂಡ್ ಕೂಡಿಸಿದರೆ ತಪ್ಪಾಗುತ್ತದೆ, ಗಂಟೆಗೆ ಎಷ್ಟು ಪೀಸ್ ಅಂತ ತಿರುಗಿಸಿ ಕೂಡಿಸಬೇಕು ಅನಿಸುತ್ತದೆ, ಸರಿಯಾ? ಇನ್ನೊಂದು, ಇಂಥ ಲೆಕ್ಕ ಬಿಡಿಸುವ ಎಕ್ಸೆಲ್ ಸಾಲ್ವರ್ 200 ಚರಗಳಿಗೇ (ಅದು ಬೆಲೆ ಹುಡುಕಬೇಕಾದ ಸೆಲ್‌ಗಳಿಗೇ) ನಿಂತುಬಿಡುತ್ತದೆ, ನನ್ನದು 18×22, ಅಂದರೆ 396. ಪೈಥಾನ್ ಅಷ್ಟಾಗಿ ಬರಲ್ಲ. ಎಕ್ಸೆಲ್‌ಗೇ ಸೇರಿಸಿಕೊಳ್ಳುವ ಓಪನ್‌ಸಾಲ್ವರ್ ಅನ್ನೋ ಉಚಿತ ಆಡ್-ಇನ್ ಬಳಸಿದವರು ಇದ್ದರೆ ದಯವಿಟ್ಟು ಹೇಳಿ, ಶೀಟ್ ಕಳಿಸುತ್ತೇನೆ, ಟೈಲರ್‌ಗಳ ಹೆಸರು ತೆಗೆದು.