ಒಂದೇ ಲಾಟ್ ನಂಬರ್ ಎರಡು ಪೋಸ್ಟ್‌ಗಳಲ್ಲಿ ಬರುತ್ತಿದೆ; ತಡೆಯುವುದು ಹೇಗೆ?

ತಿಕೋಟಾ_ಶೆಡ್ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ವಿಜಯಪುರದ ಕೋಲ್ಡ್ ಸ್ಟೋರೇಜ್ ಒಂದಕ್ಕೆ ವರ್ಡ್‌ಪ್ರೆಸ್‌ನಲ್ಲಿ ಜಾಲತಾಣ ಮಾಡಿಕೊಟ್ಟಿದ್ದೇನೆ. ರೈತರು ತಂದಿಡುವ ಒಣದ್ರಾಕ್ಷಿಯ ಪ್ರತಿ ಲಾಟ್‌ಗೂ ಒಂದು ಪೋಸ್ಟ್ ಇದ್ದು, ಲಾಟ್ ನಂಬರನ್ನೂ ಬಾಕ್ಸ್‌ಗಳ ಲೆಕ್ಕವನ್ನೂ ಎಸಿಎಫ್ (ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್) ಎಂಬ ಪ್ಲಗಿನ್‌ನ ಕಸ್ಟಮ್ ಫೀಲ್ಡ್‌ಗಳಲ್ಲಿ ಇಟ್ಟಿದ್ದೇನೆ. ಹಂಗಾಮಿನಲ್ಲಿ ಮಾಲು ಒಮ್ಮೆಲೇ ಬರುವುದರಿಂದ ಇಬ್ಬರು ಗುಮಾಸ್ತರು ಎರಡು ಕಂಪ್ಯೂಟರ್‌ಗಳಲ್ಲಿ ನಮೂದಿಸುತ್ತಾರೆ. ಕಳೆದ ವಾರ ‘ಟಿ-118’ ಎಂಬ ನಂಬರು ಇಬ್ಬರು ರೈತರ ಹೆಸರಿನಲ್ಲಿ ಸಿಕ್ಕಿತು: ಒಬ್ಬರದು 64 ಬಾಕ್ಸ್, ಇನ್ನೊಬ್ಬರದು 40. ಮಾಲು ಬಿಡಿಸಿಕೊಳ್ಳಲು ಬಂದವರನ್ನು ನಿಲ್ಲಿಸಿಕೊಂಡು ಹಳೆಯ ಚೀಟಿಗಳನ್ನು ಹುಡುಕಬೇಕಾಯಿತು. ಪೋಸ್ಟ್‌ಗೆ ಫೀಲ್ಡ್ ಸೇರಿಸುವ ‘ಆ್ಯಡ್ ಪೋಸ್ಟ್ ಮೆಟಾ’ ಫಂಕ್ಷನ್ನಿನ ನಾಲ್ಕನೆಯ ಆರ್ಗ್ಯುಮೆಂಟನ್ನು ‘ಟ್ರೂ’ ಮಾಡಿದರೂ ಪ್ರಯೋಜನವಾಗಲಿಲ್ಲ. ಪೋಸ್ಟ್‌ಗಳನ್ನು ಹುಡುಕಿ ಕೊಡುವ ‘ಗೆಟ್ ಪೋಸ್ಟ್ಸ್’ ಬಳಸಿ ನಾನೇ ಬರೆದ ತಪಾಸಣೆ ಕೆಲವನ್ನು ಹಿಡಿಯುತ್ತದೆ, ಕೆಲವನ್ನು ಬಿಡುತ್ತದೆ.

ಮಲಪ್ರಭಾ_ದಂಡೆ:
ಆ ನಾಲ್ಕನೆಯ ಆರ್ಗ್ಯುಮೆಂಟಿನ ಹೆಸರು ‘ಯುನೀಕ್’ ಆಗಿರುವುದರಿಂದ ಬಹಳ ಜನ ಮೋಸಹೋಗುತ್ತಾರೆ. ಅದು ನೋಡುವುದು ಅದೇ ಪೋಸ್ಟ್‌ನಲ್ಲಿ ಅದೇ ಕೀ (ಫೀಲ್ಡ್‌ನ ಹೆಸರು) ಈಗಾಗಲೇ ಇದೆಯೇ ಎಂಬುದನ್ನಷ್ಟೇ. ಬೇರೆ ಪೋಸ್ಟ್‌ನಲ್ಲಿ ಅದೇ ನಂಬರ್ ಇದ್ದರೆ ಅದಕ್ಕೆ ಸಂಬಂಧವೇ ಇಲ್ಲ. ಇನ್ನು ‘ಗೆಟ್ ಪೋಸ್ಟ್ಸ್’, ನಾವು ಬೇರೆ ಹೇಳದಿದ್ದರೆ, ಪ್ರಕಟವಾದ ಪೋಸ್ಟ್‌ಗಳನ್ನು ಮಾತ್ರ ಹುಡುಕುತ್ತದೆ. ನಿಮ್ಮ ಗುಮಾಸ್ತರು ಅರ್ಧ ತುಂಬಿ ಡ್ರಾಫ್ಟ್‌ನಲ್ಲಿ ಬಿಟ್ಟ ಲಾಟ್‌ಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಸ್ಟೇಟಸ್ ‘ಎನಿ’ ಎಂದು ಕೊಟ್ಟರೂ ಕಸದ ಬುಟ್ಟಿಯಲ್ಲಿರುವವು ಬಿಟ್ಟುಹೋಗುತ್ತವೆ, ಮುಂದೆ ಯಾರಾದರೂ ಅದನ್ನು ರಿಸ್ಟೋರ್ ಮಾಡಿದರೆ ಮತ್ತೆ ಜೋಡಿ ನಂಬರು.

ತಪಾಸಣೆಯನ್ನು ಎಸಿಎಫ್‌ನ ‘ವ್ಯಾಲಿಡೇಟ್ ವ್ಯಾಲ್ಯೂ’ ಫಿಲ್ಟರ್‌ನಲ್ಲಿ ಇಡಿ. ಉಳಿಸುವ ಮೊದಲೇ ಫೀಲ್ಡ್‌ನ ಬಳಿ ತಪ್ಪು ತೋರಿಸುತ್ತದೆ. ತಿದ್ದುತ್ತಿರುವ ಪೋಸ್ಟ್‌ನ ಐಡಿಯನ್ನು ಹುಡುಕಾಟದಿಂದ ಹೊರಗಿಡಲು ಮರೆಯಬೇಡಿ, ಇಲ್ಲವಾದರೆ ಹಳೆಯ ಲಾಟ್ ತೆರೆದು ಬಾಕ್ಸ್ ಲೆಕ್ಕ ಬದಲಿಸಿದಾಗಲೂ ತನ್ನ ನಂಬರನ್ನೇ ನಕಲು ಎಂದು ಅದು ತಿರಸ್ಕರಿಸುತ್ತದೆ.

ಗುಳೇದಗುಡ್ಡ_ಖಣ:
ಮೇಲಿನದು ಮುಂದಿನ ಮಾತಾಯಿತು. ಈಗಾಗಲೇ ಸೇರಿರುವ ನಕಲುಗಳನ್ನು ಮೊದಲು ಎಣಿಸಿಕೊಳ್ಳಿ. ಡೇಟಾಬೇಸ್‌ನಲ್ಲಿ ಫೀಲ್ಡ್‌ಗಳನ್ನು ಇಡುವ ಪೋಸ್ಟ್‌ಮೆಟಾ ಟೇಬಲನ್ನು ಮೆಟಾ ವ್ಯಾಲ್ಯೂ (ಫೀಲ್ಡ್‌ನಲ್ಲಿ ತುಂಬಿದ್ದು) ಮೇಲೆ ‘ಗ್ರೂಪ್ ಬೈ’ ಮಾಡಿ, ‘ಹ್ಯಾವಿಂಗ್’ ಷರತ್ತಿನಲ್ಲಿ ಎಣಿಕೆ ಒಂದಕ್ಕಿಂತ ಹೆಚ್ಚಿರುವವನ್ನು ಕೇಳಿ. ಮೆಟಾ ಕೀ ಷರತ್ತು ಕಡ್ಡಾಯ, ಏಕೆಂದರೆ ಎಸಿಎಫ್ ಪ್ರತಿ ಫೀಲ್ಡ್‌ಗೂ ಅಂಡರ್‌ಸ್ಕೋರ್‌ನಿಂದ ಆರಂಭವಾಗುವ ಇನ್ನೊಂದು ಸಾಲನ್ನು ಬರೆಯುತ್ತದೆ, ಅದರ ವ್ಯಾಲ್ಯೂ ಎಲ್ಲ ಪೋಸ್ಟ್‌ಗಳಲ್ಲೂ ಒಂದೇ. ಪೋಸ್ಟ್ಸ್ ಟೇಬಲನ್ನು ಜೋಡಿಸಿ ರಿವಿಷನ್‌ಗಳನ್ನೂ (ಪೋಸ್ಟ್‌ನ ಹಳೆಯ ಪ್ರತಿಗಳು) ಎಣಿಕೆಯಿಂದ ಬಿಡಿ.

ಇನ್ನು ನನ್ನ ಅನುಮಾನ ಬೇರೆಯೇ ಇದೆ. ಒಬ್ಬರು ಕನ್ನಡ ಕೀಬೋರ್ಡಿನಲ್ಲಿ ‘ಟಿ’ ಎಂದೂ ಮತ್ತೊಬ್ಬರು ಇಂಗ್ಲಿಷಿನ ಟಿ ಅಕ್ಷರವನ್ನೂ ಹೊಡೆದಿದ್ದರೆ, ಪರದೆಯ ಮೇಲೆ ಓದುವವರಿಗೆ ಎರಡೂ ಒಂದೇ ಲಾಟ್, ಡೇಟಾಬೇಸ್‌ಗೆ ಬೇರೆ ಬೇರೆ. ‘118’, ‘0118’, ನಡುವೆ ಸ್ಪೇಸ್ ಬಿಟ್ಟದ್ದು, ಎಲ್ಲವೂ ಹಾಗೆಯೇ. ಅಕ್ಷರವನ್ನು ಡ್ರಾಪ್‌ಡೌನ್‌ನಿಂದ ಆರಿಸುವಂತೆ ಮಾಡಿ, ನಂಬರಿಗೆ ಪ್ರತ್ಯೇಕ ಫೀಲ್ಡ್ ಕೊಡಿ.

ತಿಕೋಟಾ_ಶೆಡ್:
ಕ್ವೆರಿ ಓಡಿಸಿದೆ, ಹನ್ನೊಂದು ಜೋಡಿ ಸಿಕ್ಕವು. ಚೀಟಿ ತೆಗೆದು ನೋಡಿದರೆ ಅವುಗಳಲ್ಲಿ ಏಳು ನಕಲುಗಳೇ ಅಲ್ಲ: ಸ್ಟೋರೇಜ್‌ನವರು ಪ್ರತಿ ಹಂಗಾಮಿಗೂ ನಂಬರನ್ನು ಒಂದರಿಂದ ಶುರುಮಾಡುತ್ತಾರೆ, ಆ ಏಳು ಜೋಡಿಗಳಲ್ಲಿ ಒಂದೊಂದು ಹೋದ ವರ್ಷದ ಮಾಲು. ಉಳಿದ ನಾಲ್ಕು ನಿಜವಾದ ತಪ್ಪು. ಅದರಲ್ಲಿ ಎರಡು ಒಂದೇ ನಿಮಿಷದಲ್ಲಿ ಉಳಿಸಿದವು.

ಮಲಪ್ರಭಾ_ದಂಡೆ:
ಹಾಗಿದ್ದರೆ ವರ್ಷ, ಅಕ್ಷರ, ನಂಬರ್ ಮೂರೂ ಸೇರಿದಾಗಲೇ ಒಂದು ಗುರುತು. ತಪಾಸಣೆಯೂ ಮೂರನ್ನೂ ಸೇರಿಸಿಯೇ ನಡೆಯಬೇಕು. ಒಂದೇ ನಿಮಿಷದ ಆ ಎರಡನ್ನು ನಾನು ಹೇಳಿದ ಫಿಲ್ಟರ್ ಹಿಡಿಯಲಾರದು. ಇಬ್ಬರೂ ಕೇಳಿದಾಗ ‘ನಂಬರ್ ಖಾಲಿ ಇದೆ’ ಎಂಬ ಉತ್ತರವೇ ಬಂದಿರುತ್ತದೆ, ಆಮೇಲೆ ಇಬ್ಬರೂ ಉಳಿಸಿರುತ್ತಾರೆ. ಪೋಸ್ಟ್‌ಮೆಟಾ ಟೇಬಲ್ ಎಲ್ಲ ಫೀಲ್ಡ್‌ಗಳಿಗೂ ಸೇರಿದ್ದಾದ್ದರಿಂದ ಅಲ್ಲಿ ಯುನೀಕ್ ಇಂಡೆಕ್ಸ್ (ಒಂದೇ ಬೆಲೆ ಎರಡು ಸಲ ಸೇರದಂತೆ ತಡೆಯುವ ಕಟ್ಟು) ಹಾಕಲು ಬರುವುದಿಲ್ಲ. ವರ್ಷ, ಅಕ್ಷರ, ನಂಬರ್, ಪೋಸ್ಟ್ ಐಡಿ ಇರುವ ಸಣ್ಣದೊಂದು ಟೇಬಲ್ ಬೇರೆ ಮಾಡಿ, ಮೊದಲ ಮೂರರ ಮೇಲೆ ಯುನೀಕ್ ಇಂಡೆಕ್ಸ್ ಹಾಕಿ, ಲಾಟ್ ಉಳಿಸುವ ಮುನ್ನ ಅಲ್ಲಿ ಸಾಲು ಸೇರಿಸಿ. ಎರಡನೆಯವರ ಸಾಲನ್ನು ಡೇಟಾಬೇಸ್ ತಾನೇ ನಿರಾಕರಿಸುತ್ತದೆ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ ಕಡತ) ಮೂಲಕ ಲಾಟ್‌ಗಳನ್ನು ಏರಿಸುವ ಕೋಡ್ ಕೂಡ ಇದೇ ಟೇಬಲ್ ಮೂಲಕ ಹೋಗಲಿ, ಏಕೆಂದರೆ ಕೋಡ್‌ನಿಂದ ಫೀಲ್ಡ್ ತುಂಬುವ ‘ಅಪ್‌ಡೇಟ್ ಫೀಲ್ಡ್’ ಫಂಕ್ಷನ್ ಎಸಿಎಫ್‌ನ ಫಿಲ್ಟರನ್ನು ಕೇಳುವುದೇ ಇಲ್ಲ.

ತಿಕೋಟಾ_ಶೆಡ್:
ಸಿಎಸ್‌ವಿ ಸಂಗತಿ ನನಗೆ ಹೊಳೆದೇ ಇರಲಿಲ್ಲ; ಉಳಿದೆರಡು ಜೋಡಿಗಳು ಅಲ್ಲಿಂದಲೇ ಬಂದಿವೆ. ಟೇಬಲ್ ಮಾಡಿ ಇಂದು ಸಂಜೆ ಹಳೆಯ ಲಾಟ್‌ಗಳನ್ನು ಅದಕ್ಕೆ ತುಂಬುತ್ತೇನೆ.