ತುಡುವೆ ಪೆಟ್ಟಿಗೆಗೆ ವೈರ್‌ಲೆಸ್ ಸೆನ್ಸರ್: ಏನು ಅಳೆಯಬೇಕು, ಎಲ್ಲಿ ಇಡಬೇಕು?

ಕೇಳಿದವರು, ಶಿರಸಿ ಕಡೆ: ಅಡಿಕೆ ತೋಟದಲ್ಲಿ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಜೇನು) ಪೆಟ್ಟಿಗೆಗಳಿವೆ. ತೋಟ ತಗ್ಗಿನಲ್ಲಿ, ಮನೆ ಮೇಲೆ, ನಡುವೆ ಸುಮಾರು 300 ಮೀಟರ್. ತೋಟದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಮನೆಯಲ್ಲಿ ವೈಫೈ ಇದೆ. ಮಳೆಗಾಲದಲ್ಲಿ ಹುಳ ಪೆಟ್ಟಿಗೆ ಬಿಟ್ಟು ಹೋಗುವ ಸೂಚನೆ ಮುಂಚೆಯೇ ಸಿಗಬೇಕು, ಅದಕ್ಕಾಗಿ ಪದೇ ಪದೇ ಮುಚ್ಚಳ ತೆಗೆಯುವಂತಾಗಬಾರದು. ಸೋಲ್ಡರಿಂಗ್ ಬರುತ್ತದೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಪುತ್ತೂರಿನಿಂದ: ಮೊದಲು ಉಷ್ಣತೆ ಅಳೆಯಿರಿ, ಉಳಿದದ್ದು ಆಮೇಲೆ. ಮರಿ ಇರುವ ಎರಿಗಳ (ಮೇಣದ ಹಲ್ಲೆಗಳ) ನಡುವೆ ಹುಳಗಳು 33ರಿಂದ 36 ಡಿಗ್ರಿ ಕಾಯ್ದುಕೊಳ್ಳುತ್ತವೆ. ಹೊರಗೆ 18 ಇರಲಿ, 32 ಇರಲಿ, ಗ್ರಾಫಿನ ಗೆರೆ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಮರಿ ಕಡಿಮೆಯಾಗುತ್ತಾ ಬಂದರೆ ಅದೇ ಗೆರೆ ಹೊರಗಿನ ಹಗಲು ರಾತ್ರಿಯ ಜೊತೆ ಏರಿಳಿಯತೊಡಗುತ್ತದೆ. ಆಹಾರವಿಲ್ಲದೆ ಜಾಗ ಬಿಡುವ ಕುಟುಂಬದಲ್ಲಿ ರಾಣಿ ಮೊದಲು ಮೊಟ್ಟೆ ಇಡುವುದನ್ನು ಇಳಿಸುತ್ತದೆ. ಇರುವ ಮರಿ ಮುಗಿಯುತ್ತಾ ಬರುವ ಆ ದಿನಗಳೇ ನಿಮ್ಮ ಕೈಗೆ ಸಿಗುವ ಸಮಯ. ಇರುವೆ ದಾಳಿಯಿಂದ ಓಡುವ ಹುಳಕ್ಕೆ ಇಂಥ ಮುನ್ಸೂಚನೆ ಇರುವುದಿಲ್ಲ, ಅದನ್ನು ಸೆನ್ಸರಿನಿಂದ ನಿರೀಕ್ಷಿಸಬೇಡಿ.

ಡಿಎಸ್18ಬಿ20 ಎಂಬ ಉಷ್ಣತೆಯ ಸೆನ್ಸರ್ ಸಾಕು. ಆದರೆ ಸ್ಟೀಲ್ ಕೊಳವೆಯಲ್ಲಿ ಬರುವುದು ಬೇಡ. ಅದು 6 ಮಿ.ಮೀ ದಪ್ಪ, ಎರಿಗಳ ನಡುವಿನ ಓಡಾಟದ ಸಂದಿಯನ್ನೇ ಮುಚ್ಚಿಬಿಡುತ್ತದೆ. ಮೂರು ಕಾಲಿನ ಬರಿಯ ಚಿಪ್ ತೆಗೆದುಕೊಂಡು, ತೆಳು ವೈರ್ ಬೆಸೆದು, ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ನಡುವಿನ ಚೌಕಟ್ಟಿನ ಮೇಲ್ಪಟ್ಟಿಯಿಂದ 4–5 ಸೆಂ.ಮೀ ಕೆಳಗೆ ಇಳಿಬಿಡಿ. ಮೇಲ್ಪಟ್ಟಿಗೆ ಅಂಟಿದ ಭಾಗದಲ್ಲಿ ಜೇನು ತುಂಬಿರುತ್ತದೆ, ಮರಿ ಇರುವುದು ಅದರ ಕೆಳಗೆ. ಹುಳಗಳು ಚಿಪ್ಪಿನ ಮೇಲೆಯೇ ಎರಿ ಕಟ್ಟಿದರೂ ಪರವಾಗಿಲ್ಲ, ಅಳತೆ ಇನ್ನೂ ಚೆನ್ನಾಗಿ ಬರುತ್ತದೆ. ಈ ಚೌಕಟ್ಟನ್ನು ಹೂವಿನ ಕಾಲದಲ್ಲಿ, ಎರಿ ಕಟ್ಟುವ ಹುರುಪಿರುವಾಗ ಕೊಡಿ. ಮಳೆಗಾಲದಲ್ಲಿ ಕೊಟ್ಟರೆ ಅದೇ ಕಿರಿಕಿರಿಗೆ ಎದ್ದು ಹೋದಾವು.

ಡೇಟಾ ವೈರಿಗೂ 3.3 ವೋಲ್ಟಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಬೇಕೇ ಬೇಕು. ರೀಡಿಂಗ್ 85 ಬಂದರೆ ಚಿಪ್ ಅಳೆದು ಮುಗಿಸುವ ಮುಂಚೆ ಓದಿದ್ದೀರಿ ಎಂದರ್ಥ, 750 ಮಿಲಿಸೆಕೆಂಡ್ ಕಾಯಿರಿ. ಮೈನಸ್ 127 ಬಂದರೆ ವೈರ್ ಬಿಟ್ಟಿದೆ. ಎರಡನ್ನೂ ಪ್ರೋಗ್ರಾಮಿನಲ್ಲೇ ಕೈಬಿಡಿ, ಇಲ್ಲದಿದ್ದರೆ ಸರಾಸರಿ ಹಾಳಾಗುತ್ತದೆ.

ಮಡಿಕೇರಿಯಿಂದ: ತೇವಾಂಶ ಅಳೆಯಲೇಬೇಕೆಂದಿದ್ದರೆ ಫಿಲ್ಟರ್ ಮುಚ್ಚಳವಿರುವ ಎಸ್‌ಎಚ್‌ಟಿ31 ಸೆನ್ಸರ್ ಹಾಕಿ. ಅಗ್ಗದ ಡಿಎಚ್‌ಟಿ22 ಸೆನ್ಸರ್ ಸದಾ ಒದ್ದೆಯಾದ ಜಾಗದಲ್ಲಿ ಬೇಗ ತಪ್ಪು ತೋರಿಸುತ್ತದೆ. ಸೆನ್ಸರಿನ ಸುತ್ತ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕಟ್ಟದಿದ್ದರೆ ಮೇಣ ಮೆತ್ತಿ ಮುಚ್ಚಿಬಿಡುತ್ತವೆ. ವಿನೆಗರ್ ವಾಸನೆಯ ಸಿಲಿಕಾನ್ ಹತ್ತಿರವೂ ತರಬೇಡಿ, ಅದರ ಆವಿಗೆ ಈ ಸೆನ್ಸರ್ ಕೆಡುತ್ತದೆ. ಆದರೆ ಮಲೆನಾಡಿನ ಆಷಾಢದಲ್ಲಿ ಹೊರಗೇ ತೇವಾಂಶ ಶೇ 90ಕ್ಕಿಂತ ಮೇಲಿರುವಾಗ ಒಳಗಿನ ಸಂಖ್ಯೆಯೊಂದರಿಂದ ತಿಳಿಯುವುದು ಕಡಿಮೆ. ಅದೇ ಹಣ ತೂಕಕ್ಕೆ ಹಾಕಿ.

40 ಕಿಲೋದ ಒಂದು ಬಾರ್ ಲೋಡ್‌ಸೆಲ್ (ತೂಕದ ಸೆನ್ಸರ್), ಅದರ ಅಳತೆಯನ್ನು ಓದುವ ಒಂದು ಎಚ್‌ಎಕ್ಸ್711 ಚಿಪ್, ಎರಡು ಗಟ್ಟಿ ಹಲಗೆ ಸಾಕು. ಮುಚ್ಚಳದ ಮೇಲಿನ ಕಲ್ಲಿನ ತೂಕವೂ ಸೇರುತ್ತದೆ, ಕಲ್ಲು ಬದಲಿಸಬೇಡಿ. ಬಿಸಿಲಿಗೆ ಲೋಡ್‌ಸೆಲ್ ಅಳತೆ ಸರಿದಾಡುತ್ತದೆ, ಮಳೆಗೆ ಮರವೇ ನೀರು ಕುಡಿದು ಭಾರವಾಗುತ್ತದೆ. ಹಾಗಾಗಿ ದಿನಾ ಬೆಳಗಿನ ಜಾವ ಒಂದೇ ಹೊತ್ತಿನ ತೂಕವನ್ನಷ್ಟೇ ಹೋಲಿಸಿ. ಆಗ ಹುಳಗಳೆಲ್ಲ ಒಳಗಿರುತ್ತವೆ. ಒಂದು ವಾರ ಇಳಿಯುತ್ತಲೇ ಇದ್ದರೆ ಸಂಗ್ರಹ ಕರಗುತ್ತಿದೆ. ಹಗಲಲ್ಲಿ ನಿಮಿಷಗಳೊಳಗೆ ತೂಕ ಕುಸಿದರೆ ಹಿಂಡು ಪಾಲಾಗಿದೆ, ಅಥವಾ ಹೊರಟೇ ಹೋಗಿದೆ.

ಸಿದ್ದಾಪುರದಿಂದ, ರೇಡಿಯೋ ಮತ್ತು ಬ್ಯಾಟರಿ ಬಗ್ಗೆ: 300 ಮೀಟರಿಗೆ ವೈಫೈ ನಂಬಬೇಡಿ, ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ರೇಡಿಯೋ) ಹಾಕಿ. ನಮ್ಮಲ್ಲಿ ಲೈಸೆನ್ಸ್ ಬೇಡದ್ದು 865–868 ಮೆಗಾಹರ್ಟ್ಜ್. ಎಸ್‌ಎಕ್ಸ್1276 ಎಂಬ ಲೋರಾ ಚಿಪ್ ಇರುವ 868ರ ಮಾಡ್ಯೂಲ್ ತಂದು ಪ್ರೋಗ್ರಾಮಿನಲ್ಲಿ 866ಕ್ಕೆ ಇಡಿ. ಆಂಟೆನಾ ಇಲ್ಲದೆ ಆನ್ ಮಾಡಿದರೆ ಟ್ರಾನ್ಸ್‌ಮಿಟರ್ ಸುಟ್ಟುಹೋಗಬಹುದು. ನೆಟ್ಟಗಿನ 8.6 ಸೆಂ.ಮೀ ತಂತಿಯೇ ಕಾಲು ಅಲೆಯ ಆಂಟೆನಾ ಆಗುತ್ತದೆ, ಎರಡೂ ತುದಿಯಲ್ಲಿ ಲಂಬವಾಗಿರಲಿ, ತಗಡಿನ ಮರೆಯಲ್ಲಿ ಬೇಡ. ಮನೆಯಲ್ಲಿ ಇನ್ನೊಂದು ಲೋರಾ ಜೋಡಿಸಿದ ಇಎಸ್‌ಪಿ32 (ವೈಫೈ ಇರುವ ಪ್ರೋಗ್ರಾಮ್ ಮಾಡಬಲ್ಲ ಚಿಪ್) ಇಟ್ಟರೆ ಅದು ವೈಫೈಗೆ ದಾಟಿಸುತ್ತದೆ. ಒದ್ದೆ ಎಲೆ ಸಿಗ್ನಲ್ ತಿನ್ನುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಕಷ್ಟಪಟ್ಟು ತಲುಪುವ ಸಿಗ್ನಲ್ ಜುಲೈಯಲ್ಲಿ ತಲುಪುವುದಿಲ್ಲ.

ತೋಟದ ಕಡೆಗೆ ಇಎಸ್‌ಪಿ32 ಡೆವಲಪ್‌ಮೆಂಟ್ ಬೋರ್ಡ್ ಬೇಡ. ಚಿಪ್ ಮಲಗಿದರೂ ಬೋರ್ಡಿನ ರೆಗ್ಯುಲೇಟರ್, ಯುಎಸ್‌ಬಿ ಚಿಪ್, ದೀಪ ಮಲಗುವುದಿಲ್ಲ. 10 ಮಿಲಿಆಂಪ್ ಹರಿದರೆ 2500 ಎಂಎಎಚ್ ಸೆಲ್ ಹತ್ತು ದಿನಕ್ಕೆ ಖಾಲಿ. 3.3 ವೋಲ್ಟಿನ ಪ್ರೊ ಮಿನಿ (ಸಣ್ಣ ಆರ್ಡುಯಿನೊ ಬೋರ್ಡ್) ತಂದು ಅದರ ದೀಪ ಕಿತ್ತು, 15 ನಿಮಿಷಕ್ಕೊಮ್ಮೆ ಎಬ್ಬಿಸಿದರೆ ಅದೇ ಸೆಲ್ ತಿಂಗಳುಗಟ್ಟಲೆ ಬರುತ್ತದೆ. ಅಡಿಕೆ ನೆರಳಿನಲ್ಲಿ, ಮೋಡದಲ್ಲಿ ಸೋಲಾರ್ ಫಲಕ ನೆಚ್ಚಿಕೊಳ್ಳುವಂಥದ್ದಲ್ಲ. ಎಚ್‌ಎಕ್ಸ್711 ಮಲಗಿಸುವುದನ್ನು ಮರೆಯಬೇಡಿ, ಅದರ ಕ್ಲಾಕ್ ಪಿನ್ನನ್ನು 60 ಮೈಕ್ರೋಸೆಕೆಂಡಿಗಿಂತ ಹೆಚ್ಚು ಹೊತ್ತು ಹೈ ಇಡಬೇಕು.

ಸುಳ್ಯದಿಂದ: ಇರುವೆ ತಡೆಯುವ ಮಾತನ್ನು ಯಾರೂ ಎತ್ತಲಿಲ್ಲ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟು, ಪಕ್ಕದ ಅಡಿಕೆ ಮರಕ್ಕೆ ವೈರ್ ಎಳೆದರೆ ಚಗಳಿಗೆ (ಮರದ ಕೆಂಪಿರುವೆಗೆ) ನೀವೇ ಸಂಕ (ಕಾಲುಸೇತುವೆ) ಹಾಕಿಕೊಟ್ಟಂತೆ. ಬ್ಯಾಟರಿ ಡಬ್ಬಿ, ಆಂಟೆನಾ ಎಲ್ಲವೂ ಬಟ್ಟಲಿನ ಒಳಗಡೆ, ಅದೇ ಸ್ಟ್ಯಾಂಡಿನ ಮೇಲಿರಲಿ. ವೈರ್ ಡಬ್ಬಿಯ ತಳದಿಂದ ಒಳಹೋಗಲಿ, ಹೋಗುವ ಮುಂಚೆ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ತೂತುಗಳನ್ನು ಕೇಬಲ್ ಗ್ಲ್ಯಾಂಡಿನಿಂದ ಬಿಗಿ ಮಾಡಿ, ಬೆಚ್ಚಗಿರುವ ಡಬ್ಬಿಯಲ್ಲಿ ಇರುವೆ ಗೂಡು ಕಟ್ಟುತ್ತದೆ.

ಕೇಳಿದವರು: ಎಷ್ಟು ಏರಿಳಿತಕ್ಕೆ ಮೊಬೈಲಿಗೆ ಸಂದೇಶ ಬರುವಂತೆ ಮಾಡಲಿ?

ಪುತ್ತೂರಿನಿಂದ: ಒಂದು ದಿನದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣತೆಯ ನಡುವೆ 3 ಡಿಗ್ರಿಗಿಂತ ಹೆಚ್ಚು ಅಂತರ ಎರಡು ದಿನ ಸತತ ಬಂದರೆ ಸಂದೇಶ ಬರಲಿ. ಇದು ಸ್ಥೂಲ ಗಡಿ, ನಿಮ್ಮ ಪೆಟ್ಟಿಗೆಯ ಮೊದಲ ತಿಂಗಳ ಗ್ರಾಫ್ ನೋಡಿ ಬಿಗಿ ಮಾಡಿಕೊಳ್ಳಿ. ಸಂದೇಶ ಬಂದ ದಿನ ಮಳೆ ಬಿಟ್ಟ ಹೊತ್ತಿನಲ್ಲಿ ಒಮ್ಮೆ ತೆರೆದು ಮೊಟ್ಟೆ, ಸಂಗ್ರಹ, ಎರಿ ತಿನ್ನುವ ಮೇಣದ ಹುಳು ನೋಡಿ. ಸಂಗ್ರಹ ಇಲ್ಲದಿದ್ದರೆ ಸಕ್ಕರೆ, ನೀರು ಸಮ ಸಮ ಕರಗಿಸಿದ ಪಾಕ ಕೊಡಿ. ಸಂಜೆಯೇ ಕೊಡಿ, ಹಗಲಲ್ಲಿ ಕೊಟ್ಟರೆ ಪಕ್ಕದ ಪೆಟ್ಟಿಗೆಯ ಹುಳ ಕದಿಯಲು ಬರುತ್ತವೆ.